ಮೂಡಲಬಂಡೆಯನ್ನು ಕೇಳು

ನಾನು ಆ ಊರಿಗೆ ಸೊಸೆಯಾಗಿ ಬಂದ ದಿನ ಹೊತ್ತು ಇಳಿಯುವವರೆಗೂ ನನಗೆ ಯಾರೂ ಊಟಕ್ಕೆ ಇಡಲಿಲ್ಲ. ಕೋಪವೇನೂ ಇರಲಿಲ್ಲ. ಬಂಡೆಗಳು ಇನ್ನೂ ನನ್ನ ಹೆಸರು ಹೇಳಿರಲಿಲ್ಲ, ಅಷ್ಟೆ. ಬೆಳಿಗ್ಗೆ ಗಂಡನ ಜೊತೆ ಮೂಡಲಬಂಡೆಯ ಮೇಲೆ ಅಂಗೈ ಇಟ್ಟು, ನಮ್ಮಿಬ್ಬರದು ಒಂದೇ ಒಲೆ ಎಂದು ಹೇಳಿದ್ದೆ. ಆ ಮಾತು ಕಣಿವೆ ದಾಟಿ ಪಡುವಲಬಂಡೆಗೆ, ಅಲ್ಲಿಂದ ಗುಡ್ಡದ ಬುಡದ ಕೆರೆಬಂಡೆಗೆ ಹೋಗಿ ಮುಟ್ಟಬೇಕು. ಮೂರೂ ಬಂಡೆಗಳು ಅದನ್ನೇ ಹೇಳಿದ ಮೇಲೆ ಅದು ನಿಂತ ಮಾತು. ಅಲ್ಲಿಯವರೆಗೆ ನಾನು ಯಾರ ಮನೆಯ ಸೊಸೆಯೂ ಅಲ್ಲ, ದಾರಿಯಲ್ಲಿ ಹೋಗುವ ಹೆಂಗಸು. ಬಂಡೆ ಹೇಳದವರಿಗೆ ಆ ಊರಿನಲ್ಲಿ ನೀರು ಕೊಡುತ್ತಾರೆ, ತಟ್ಟೆ ಇಡುವುದಿಲ್ಲ. ಮೇಕೆಗಳು ಮನೆಗೆ ತಿರುಗುವ ಹೊತ್ತಿಗೆ ಕಣಿವೆಯ ಆಚೆಯಿಂದ ನನ್ನದೇ ದನಿ ಬಂತು. ಬೆಳಿಗ್ಗೆಯ ದನಿ, ಇನ್ನೂ ಹಸಿವಾಗಿರದ ದನಿ. ಅತ್ತೆ ಓಬಮ್ಮ ತಟ್ಟೆ ತಂದು ಮುಂದಿಟ್ಟು, "ಉಣ್ಣವ್ವ. ಈಗ ನೀನು ಇದ್ದೀಯ" ಅಂದಳು.

ಓಬಮ್ಮ ಮೂಡಲಬಂಡೆ ಕಾಯುವವಳು. ಕಾಯುವುದೆಂದರೆ ಮಹಾ ಕೆಲಸವೇನಲ್ಲ. ಬಂಡೆಯ ಮೇಲೆ ಯಾರೂ ರಾಗಿ ಒಣಗಿಸದಂತೆ ನೋಡಿಕೊಳ್ಳಬೇಕು, ಕುಡಿದವರ ಕೈ ಅದರ ಮೇಲೆ ಬೀಳದಂತೆ ತಡೆಯಬೇಕು. ಯಾವ ಹೊಲ ಯಾರದು, ಕೆರೆ ನೀರು ಇವತ್ತು ಯಾರ ಪಾಳಿ, ಯಾರಿಗೆ ಯಾರು ಗಂಡ, ಯಾರು ಸತ್ತರು, ಎಲ್ಲವೂ ಬಂಡೆಗಳಲ್ಲೇ ಇತ್ತು. ಕೇಳಿದರೆ, ಹೇಳಿದವರ ದನಿಯಲ್ಲೇ ಹೇಳುತ್ತಿದ್ದವು. ನನ್ನ ಗಂಡನ ಮುತ್ತಾತ ಬೇವಿನ ಮರದ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟ ಮಾತನ್ನು ಒಮ್ಮೆ ಕೇಳಿದೆ. ಮಾತಿನ ನಡುವೆ ಆತ ಕೆಮ್ಮಿದ್ದ. ಆ ಕೆಮ್ಮೂ ಇತ್ತು. ಯಾವ ಕಾಲದಲ್ಲೋ ಮಣ್ಣಾದವನ ಕೆಮ್ಮು ಮಧ್ಯಾಹ್ನದ ಬಿಸಿಲಲ್ಲಿ ಕಿವಿಗೆ ಬಿದ್ದಾಗ ನಾನು ಬಂಡೆಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ. ಆಮೇಲೆ ನಾಚಿಕೆಯಾಯಿತು.

ಒಂದು ಎಚ್ಚರ ಮಾತ್ರ ಬೇಕು. ಒಂದು ಮಾತನ್ನು ಒಂದೇ ಬಂಡೆಗೆ, ಒಂದೇ ಸಲ ಹೇಳಬೇಕು. ಹಿಂದೆ ಯಾರೋ ಅವಸರದ ಮಾವ, ಅಳಿಯನಿಗೆ ಹೋರಿ ಕೊಟ್ಟೆ ಎಂದು ಮೂಡಲಬಂಡೆಗೆ ಹೇಳಿ, ತಡವಾದೀತೆಂದು ಓಡಿ ಹೋಗಿ ಪಡುವಲಬಂಡೆಗೂ ಹೇಳಿದನಂತೆ. ಸಂಜೆಗೆ ಮೂರೂ ಬಂಡೆಗಳು ಎರಡು ಹೋರಿ ಅಂದವು. ಕೊಟ್ಟ. ಬಂಡೆಗೆ ಮನುಷ್ಯನ ಅವಸರ ಗೊತ್ತಾಗುವುದಿಲ್ಲ, ಮಾತು ಗೊತ್ತಾಗುತ್ತದೆ.

ಆಷಾಢದ ಗಾಳಿ ಎದ್ದರೆ ಬಂಡೆಗಳಿಗೆ ಒಂದರ ದನಿ ಇನ್ನೊಂದಕ್ಕೆ ಕೇಳುವುದಿಲ್ಲ. ಆಗ ಮೂರಕ್ಕೂ ಕಂಬಳಿ ಹೊದಿಸುತ್ತಿದ್ದರು. ಕಂಬಳಿ ಹೊದ್ದ ಬಂಡೆ ಕೇಳಿಸಿಕೊಳ್ಳುವುದೂ ಇಲ್ಲ, ಹೇಳುವುದೂ ಇಲ್ಲ. ಊರು ಒಂದು ತಿಂಗಳು ಉಸಿರು ಹಿಡಿದುಕೊಳ್ಳುತ್ತಿತ್ತು. ಮದುವೆಯಿಲ್ಲ, ಪಾಲಿಲ್ಲ, ಹೆಸರಿಡುವುದಿಲ್ಲ. ಸತ್ತವರನ್ನು ಮಣ್ಣು ಮಾಡುತ್ತಿದ್ದರು, ಸತ್ತರೆಂದು ಹೇಳುತ್ತಿರಲಿಲ್ಲ. ಯಾಕೆ ಹೀಗೆ ಎಂದು ಕೇಳಿದವರನ್ನು ಸೀಳುಬಂಡೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಮೊದಲು ನಾಲ್ಕು ಬಂಡೆಗಳಿದ್ದವಂತೆ, ಕಣಿವೆಯ ಆಚೆ ಎರಡು, ಈಚೆ ಎರಡು. ಒಂದು ಆಷಾಢದಲ್ಲಿ ಕಂಬಳಿ ಹೊದಿಸುವುದಕ್ಕೆ ಉದಾಸೀನ ಮಾಡಿದರು. ಒಂದೇ ಹೊಲವನ್ನು ಆಚೆಯವರು ಅಣ್ಣನದೆಂದರು, ಈಚೆಯವರು ತಮ್ಮನದೆಂದರು, ಎರಡೂ ಕಡೆ ಮಾತು ನಿಂತಿತು. ಗಾಳಿ ಇಳಿದ ದಿನ ಈಚೆಯ ಒಂದು ಬಂಡೆ ನಡುವೆ ಸೀಳಿತು. ಈಗಲೂ ಎಡಹೋಳಿಗೆ ಕಿವಿ ಕೊಟ್ಟರೆ ಅಣ್ಣನ ಹೆಸರು, ಬಲಹೋಳಿಗೆ ಕೊಟ್ಟರೆ ತಮ್ಮನ ಹೆಸರು ಕೇಳಿಸುತ್ತದೆ. ನಡುವಿನ ಸಂದಿನಲ್ಲಿ ನಿಂತು ಕೇಳಿದೆ. ಅಲ್ಲಿ ಕೇಳಿಸಿದ್ದನ್ನು ಮಾತು ಅನ್ನಲಾರೆ. ಯಾರೋ ಹಲ್ಲು ಕಚ್ಚಿ ಅಳು ತಡೆದುಕೊಂಡ ಹಾಗಿತ್ತು.

ನನ್ನ ನಾದಿನಿ ಈರಕ್ಕನನ್ನು ಪಡುವಲ ಕೇರಿಯ ಗಾದ್ರಪ್ಪನಿಗೆ ಕೊಟ್ಟಿದ್ದರು. ಗಾದ್ರಪ್ಪ ಹೊಡೆಯುವವನಲ್ಲ, ಕುಡಿಯುವವನಲ್ಲ. ಅವನದು ಬೇರೆ ಚಟ. ಹೆಂಡತಿಯ ಬಾಯಲ್ಲಿ ಎಲ್ಲವನ್ನೂ ಬಂಡೆಗೆ ಹೇಳಿಸುತ್ತಿದ್ದ. ಸಾರಿಗೆ ಉಪ್ಪು ಜಾಸ್ತಿಯಾದರೆ, "ನಡಿ, ಇನ್ನು ಮೇಲೆ ಉಪ್ಪು ಕಮ್ಮಿ ಹಾಕ್ತೀನಿ ಅಂತ ಹೇಳು ನಡಿ" ಎಂದು ಪಡುವಲಬಂಡೆಗೆ ಕರೆದುಕೊಂಡು ಹೋಗುತ್ತಿದ್ದ. ಕಣದಲ್ಲಿ ನಗುವುದಿಲ್ಲ, ತವರಿಗೆ ಹೇಳದೆ ಹೋಗುವುದಿಲ್ಲ, ತಿರುಗಿ ಮಾತಾಡುವುದಿಲ್ಲ. ಸಂಜೆ ಇವೆಲ್ಲ ಮೂಡಲಬಂಡೆಯ ಬಾಯಿಂದ ಈರಕ್ಕನ ದನಿಯಲ್ಲಿ ಬರುತ್ತಿದ್ದವು. ಒಲೆಯ ಮುಂದೆ ಕೂತ ಓಬಮ್ಮ ಊದುಕೊಳವೆ ಕೆಳಗಿಟ್ಟು, ಮಗಳ ಮಾತು ಮುಗಿದ ಮೇಲೆ ಮತ್ತೆ ಊದುತ್ತಿದ್ದಳು. ಇಡೀ ಊರು ಕೇಳಿಸಿಕೊಳ್ಳುತ್ತಿತ್ತು. ಕೆಲವರು ನಗುತ್ತಿದ್ದರು. ನಾನೂ ಒಮ್ಮೆ ನಕ್ಕಿದ್ದೆ. ಉಪ್ಪಿನದಕ್ಕೆ.

ಆಷಾಢ ಹುಟ್ಟುವ ಮುಂಚೆ ಈರಕ್ಕ ಕಣಿವೆ ದಾಟಿ ಬಂದಳು. ಮನೆಯೊಳಗೆ ಬರಲಿಲ್ಲ, ನೇರ ಬಂಡೆಗೆ ಹೋಗಿ ಅಂಗೈ ಇಟ್ಟಳು. ಓಬಮ್ಮ, ನಾನು ಅಂಗಳದಲ್ಲೇ ನಿಂತೆವು. ಅವಳ ತುಟಿ ಅಲುಗಿದ್ದು ಕಂಡಿತು. ಅದೇ ಗಳಿಗೆಗೆ ಕಣಿವೆಯ ಬಾಯಿಂದ ಕೆಂಪು ದೂಳು ಎದ್ದು ಬಂತು. ಆ ವರ್ಷ ಗಾಳಿ ಹೇಳದೆ ಕೇಳದೆ ಬಂತು. ನಾವು ಕಂಬಳಿ ಹಿಡಿದುಕೊಂಡು ಓಡಿದೆವು. ಈರಕ್ಕನೇ ಒಂದು ಮೂಲೆ ಹಿಡಿದಳು. "ಹೇಳಿದೆಯಾ?" ಅಂದಳು ಓಬಮ್ಮ. "ಹೇಳ್ದೆ. ಅವನ ಒಲೆ ಬಿಟ್ಟೆ ಅಂತ." ಮಾತು ಮೂಡಲಬಂಡೆಗೆ ಮುಟ್ಟಿತ್ತು. ಆಚೆಗೆ ಹೋಗಿರಲಿಲ್ಲ. ಒಂದು ತಿಂಗಳು ತಾನೇ ಅಂದುಕೊಂಡೆವು.

ಆಷಾಢ ಮುಗಿಯಿತು, ಗಾಳಿ ಮುಗಿಯಲಿಲ್ಲ. ಶ್ರಾವಣ ಬಂತು, ಗೌರಿ ಬಂದು ಹೋದಳು, ದಸರೆಯ ಬನ್ನಿಯನ್ನು ಗಾಳಿಯೇ ಹಂಚಿತು. ಹೆಸರಿಲ್ಲದ ಕೂಸುಗಳಿಗೆಲ್ಲ ಗಾಳಿ ಎಂದೇ ಹೆಸರಾಯಿತು, ಏ ಗಾಳಿ ಅಂದರೆ ಕೇರಿಯ ತೊಟ್ಟಿಲುಗಳೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಪಕ್ಕದ ಮನೆಯ ಬುಡ್ಡಜ್ಜ ಗಾಳಿ ಎದ್ದ ವಾರದಲ್ಲೇ ತೀರಿಕೊಂಡಿದ್ದ. ಬಂಡೆ ಹೇಳದ್ದರಿಂದ ಅವನು ಇನ್ನೂ ಸತ್ತಿರಲಿಲ್ಲ. ಸೊಸೆ ದಿನಾ ಅವನಿಗೆ ತಟ್ಟೆ ಇಡಬೇಕಾಗಿತ್ತು. "ಬದುಕಿದ್ದಾಗ ಒಂದು ಮುದ್ದೆಗೆ ಸಾಕು ಅನ್ನೋನು. ಈಗ ಸಾಕು ಅನ್ನೋ ಬಾಯೇ ಇಲ್ಲ ನೋಡು" ಎಂದು ಅವಳು ಗೋಡೆಯಾಚೆಯಿಂದ ನನಗೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಪಡುವಲಬಂಡೆ ಕಾಯುವ ಕಾಟಜ್ಜ ತಲೆಗೆ ಬಟ್ಟೆ ಬಿಗಿದುಕೊಂಡು ಕಣಿವೆ ದಾಟಿ ಬಂದ. ಅಷ್ಟು ವಯಸ್ಸಾದವನು ಆ ಗಾಳಿಯಲ್ಲಿ ಬಂದನೆಂದರೆ ದೊಡ್ಡ ಮಾತೇ ಇರಬೇಕು. ನೀರು ಕುಡಿದು, ಮೀಸೆಯ ಮಣ್ಣು ಒರೆಸಿಕೊಂಡು ಕೂತ.

"ಓಬವ್ವ, ಕೆರೆ ತುಂಬೈತೆ. ತೂಬು ಯಾರು ಎತ್ತಬೇಕು ಅಂದ್ರೆ ಕಂಬಳಿ ಹೇಳ್ತೈತಾ?"

"ವರ್ಷಾ ವರ್ಷಾ ಕಾಯ್ತಿರಲಿಲ್ವಾ ಅಜ್ಜ?"

"ಒಂದು ತಿಂಗಳು ಕಾಯ್ತಿದ್ವಿ. ಭತ್ತಕ್ಕೆ ಅಷ್ಟೊಂದು ತಾಳ್ಮೆ ಇಲ್ಲ, ದೀಪಾವಳಿ ತನಕ ಕಾಯಲ್ಲ. ಪಡುವಲಬಂಡೆಗೂ ಕೆರೆಬಂಡೆಗೂ ಗುಡ್ಡದ ಮರೆ ಐತೆ. ಒಂದರ ಮಾತು ಒಂದಕ್ಕೆ ಕೇಳ್ತೈತೆ. ಎರಡು ಹೇಳಿದ್ರೆ ನಿಂತ ಮಾತು ಅಂತ ಮಾಡಾನ. ನಿಮ್ಮದು ಒಂಟಿ. ಅದು ಕಂಬಳಿಯೊಳಗೇ ಇರ್ಲಿ."

"ಅಂದ್ರೆ ನೀವು ಬದುಕ್ತೀರ, ನಾವು ಕಾಯ್ತೀವಿ."

"ಹೌದು. ನಾನು ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ" ಅಂದ ಕಾಟಜ್ಜ. ಅವನಿಗೆ ಸಂಕೋಚವೇನೂ ಇರಲಿಲ್ಲ. "ಇಡೀ ಊರು ಕಾಯಬೇಕು, ಇಲ್ಲ ಅರ್ಧ ಊರು ಕಾಯಬೇಕು. ಯಾರೂ ಕಾಯೋದೇ ಬೇಡ, ಎಲ್ಲಾ ಬಂಡೆನೂ ಮಾತಾಡ್ಲಿ ಅಂದ್ರೆ ಸೀಳುಬಂಡೆ ನೋಡ್ಕಂಡು ಬಾ. ಅವತ್ತು ಎರಡಕ್ಕೆ ಎರಡು ನಿಂತಿದ್ವು, ಯಾರೂ ಬಗ್ಗಲಿಲ್ಲ. ಈಗ ಎರಡಕ್ಕೆ ಒಂದು. ಒಂದು ಬಗ್ಗಬೇಕು."

ನನ್ನ ಗಂಡ ಬಾಗಿಲಲ್ಲಿ ನಿಂತಿದ್ದ. "ನಮ್ಮದನ್ನೂ ಬಿಚ್ಚಾನ ಕಣವ್ವ. ನಮ್ಮ ಕಡೆ ಮಾತು ನಮಗೆ" ಅಂದ. ಕೇರಿಯವರೆಲ್ಲ ಅದನ್ನೇ ಅನ್ನುತ್ತಿದ್ದರು. ಓಬಮ್ಮ ಮಗನ ಕಡೆ ನೋಡಲೂ ಇಲ್ಲ. ಕಾಟಜ್ಜನಿಗೆ ಎಲೆ ಅಡಿಕೆ ಕೊಟ್ಟಳು. ಅಂದರೆ ಒಪ್ಪಿದಳು ಎಂದರ್ಥ. ಆಮೇಲೆ ಕೇರಿಯ ಹೆಂಗಸರು ಬಾವಿಯ ಹತ್ತಿರ ಅವಳಿಗೆ ಜಾಗ ಬಿಡುವುದನ್ನು ನಿಲ್ಲಿಸಿದರು. ಅವಳು ಕೊನೆಗೆ ನಿಂತು ನೀರು ತಂದಳು.

ಆ ದಿನ ಅವರು ಮಾತಾಡಿದ್ದರಲ್ಲಿ ಈರಕ್ಕನ ಹೆಸರು ಬಂದಿರಲಿಲ್ಲ. ಆದರೆ ಒಳಗೆ ರಾಗಿ ಕೇರುತ್ತಿದ್ದ ಈರಕ್ಕನ ಮೊರ ನಿಂತುಹೋಗಿತ್ತು. ಆಚೆಯ ಎರಡು ಬಂಡೆಗಳಿಗೆ ಅವಳು ಒಲೆ ಬಿಟ್ಟದ್ದು ಗೊತ್ತಿಲ್ಲ. ಅವೆರಡೂ ಹೇಳಿದ್ದೇ ನಿಂತ ಮಾತಾದರೆ ಅವಳು ಗಾದ್ರಪ್ಪನ ಹೆಂಡತಿ.

ಗಾದ್ರಪ್ಪ ತಡಮಾಡಲಿಲ್ಲ. ಕೇರಿಯವರನ್ನೆಲ್ಲ ಸೇರಿಸಿ ಪಡುವಲಬಂಡೆಗೆ ಕೇಳಿದನಂತೆ, ಈರಕ್ಕ ಯಾರ ಹೆಂಡತಿ ಎಂದು. ಬಂಡೆ ಮದುವೆಯ ದಿನದ ದನಿಯಲ್ಲಿ, ಈರಕ್ಕನ ದನಿಯಲ್ಲೇ, ಗಾದ್ರಪ್ಪನದೂ ನನ್ನದೂ ಒಂದೇ ಒಲೆ ಅಂದಿತು. ಕೆರೆಬಂಡೆಯೂ ಅಂದಿತು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಅವನು ನಾಲ್ಕು ಜನ ಗಂಡಸರನ್ನೂ ಕಾಟಜ್ಜನನ್ನೂ ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದ. ಹೊಸ ಪಂಚೆ ಉಟ್ಟಿದ್ದ. ಗಾಳಿ ಅದನ್ನು ತಲೆಗೆ ಸುತ್ತುವುದೊಂದು ಬಾಕಿ.

"ಅತ್ತೆ, ನನ್ನ ಹೆಂಡ್ತೀನ ಕಳಿಸು. ಎರಡು ಬಂಡೆ ಹೇಳ್ಯಾವೆ."

"ನನ್ನ ಬಂಡೆಗೆ ಅವಳು ಬೇರೆ ಹೇಳ್ಯಾಳೆ ಅಳಿಯ."

"ಒಂಟಿ ಬಂಡೆ ಹೇಳಿದ್ದು ಗುಟ್ಟು. ಎರಡು ಹೇಳಿದ್ದು ಮಾತು. ನೀನೇ ಎಲೆ ಅಡಿಕೆ ಕೊಟ್ಟಿದ್ದೀಯಂತೆ."

ನಾನು ತಡೆಯಲಾರದೆ ಬಂಡೆಯ ಹತ್ತಿರ ಹೋಗಿ ಕಂಬಳಿಯ ತುದಿ ಹಿಡಿದೆ. ಎಳೆದರೆ ಸಾಕು, ಇಡೀ ಕೇರಿಗೆ ಈರಕ್ಕನ ಮಾತು ಕೇಳಿಸುತ್ತದೆ, ಈಚೆಯವರೆಲ್ಲ ಅವಳ ಕಡೆ ನಿಲ್ಲುತ್ತಾರೆ. ಓಬಮ್ಮ ಬಂದು ನನ್ನ ಮಣಿಕಟ್ಟು ಹಿಡಿದಳು. ಅವಳ ಕೈ ಕಲ್ಲಿನಷ್ಟೇ ಬಿಸಿಯಾಗಿತ್ತು.

"ಅತ್ತೆ, ನಿನ್ನ ಮಗಳು" ಅಂದೆ.

"ಮಗಳು ನನ್ನೋಳು. ಬಂಡೆ ನಂದಲ್ಲ" ಅಂದಳು.

ಈರಕ್ಕ ಒಳಗಿನಿಂದ ಬಂದಳು. ಕೈಗೆ ಅಂಟಿದ ಹಿಟ್ಟು ಕೊಡವಿದಳು. "ಬಿಡು ಅತ್ತಿಗೆ. ನಡಿ ಗಾದ್ರಪ್ಪ, ಬರ್ತೀನಿ" ಅಂದಳು. ಗಂಡನ ಹೆಸರನ್ನು ಅವಳು ಹಾಗೆ, ದನಕ್ಕೆ ಕರೆದಂತೆ ಕರೆದದ್ದು ಕೇಳಿ ಬಂದಿದ್ದ ಗಂಡಸರು ನೆಲ ನೋಡಿದರು. "ಮೊದ್ಲು ಪಡುವಲಬಂಡೆಗೆ ಒಂದು ಮಾತು ಹೇಳ್ತೀನಿ. ಆಮೇಲೆ ನಿನ್ನ ಮನೆ."

ಕಾಟಜ್ಜ ಮುಂದೆ ಬಂದ. "ನೋಡು ಮಗ, ಒಲೆ ಬಿಟ್ಟೆ ಅಂತ ಇಲ್ಲಿ ಒಂದು ಸಲ ಹೇಳಿದ್ದೀಯ. ಅಲ್ಲಿ ಮತ್ತೆ ಹೇಳಿದ್ರೆ ಎರಡು ಸಲ ಬಿಟ್ಟಂಗೆ. ಎರಡು ಬಿಡೋದರ ನಡುವೆ ಒಂದು ಸೇರೋದು ಇದ್ದೇ ಇರಬೇಕು. ನೀನು ವಾಪಸ್ಸು ಹೋಗಿ ಅವನ ಜೊತೆ ಬಾಳಿದ್ದೆ ಅಂತ ಬಂಡೆ ತಿಳ್ಕಂತೈತೆ."

"ಹೇಳ್ಲಿ ಬಿಡಜ್ಜ" ಅಂದ ಗಾದ್ರಪ್ಪ, ನಗುತ್ತಾ. "ಅವಳಿಗೆ ಬಂಡೆ ಮುಂದೆ ಮಾತಾಡಿ ಅಭ್ಯಾಸ."

ನಾನು ಅವಳ ಜೊತೆ ಹೊರಟೆ. ಓಬಮ್ಮ ಬರಲಿಲ್ಲ. ಕಣಿವೆಯ ನಡುವೆ ಗಾಳಿ ನಮ್ಮನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಬಾಯಿ ತೆರೆದರೆ ಮಣ್ಣು. ಈರಕ್ಕನ ಸೆರಗು ಹಿಡಿದುಕೊಂಡು, ಏನು ಹೇಳುತ್ತೀಯ ಎಂದು ಕೂಗಿ ಕೇಳಿದೆ. ಅವಳು ಏನೋ ಅಂದಳು. ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ. ಇನ್ನು ಬಂಡೆಗಳದೇನು ತಪ್ಪು ಅನ್ನಿಸಿತು.

ಪಡುವಲಬಂಡೆಯ ಸುತ್ತ ಇಡೀ ಕೇರಿ ನೆರೆದಿತ್ತು. ಈರಕ್ಕ ಯಾರ ಮುಖವನ್ನೂ ನೋಡಲಿಲ್ಲ. ಉಪ್ಪಿನ ಮಾತಿಗೆ, ನಗುವಿನ ಮಾತಿಗೆ ಎಷ್ಟೋ ಸಲ ಅಂಗೈ ಇಟ್ಟ ಜಾಗ. ಅಲ್ಲೇ ಇಟ್ಟಳು.

"ನಾನು ಈರಕ್ಕ. ನನ್ನ ಮಾತು ಮೂಡಲಬಂಡೆಯಲ್ಲೈತೆ. ನನ್ನ ವಿಷಯ ಯಾರೇನು ಕೇಳಿದ್ರೂ ನೀನು ಹೇಳಬೇಡ. ಮೂಡಲಬಂಡೆಯನ್ನ ಕೇಳು."

ಕೈ ತೆಗೆದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಊರು ಹುಟ್ಟಿದಾಗಿನಿಂದ ಜನ ಬಂಡೆಗೆ ಕೊಟ್ಟೆ, ತಗೊಂಡೆ, ಹುಟ್ಟಿತು, ಸತ್ತಿತು ಎಂದು ಹೇಳಿದ್ದರೇ ಹೊರತು, ಇನ್ನೊಂದನ್ನು ಕೇಳು ಎಂದು ಯಾರೂ ಹೇಳಿರಲಿಲ್ಲ. ನೀನೊಂದೇ ಅಲ್ಲ ಎಂದು ಬಂಡೆಗೂ ಹೇಳಬಹುದೆಂಬುದು ಯಾರಿಗೂ ಹೊಳೆದಿರಲಿಲ್ಲ.

ಗಾದ್ರಪ್ಪ ಮುಂದೆ ಬಂದು ಅಂಗೈ ಬಡಿದ. "ಈರಕ್ಕ ಯಾರ ಹೆಂಡ್ತಿ?"

ಬಂಡೆ ಹೇಳಲಿಲ್ಲ. ಕಾಳಿಲ್ಲದ ಬೀಸುಕಲ್ಲು ತಿರುಗಿದಂಥ ಸದ್ದೊಂದು ಅದರೊಳಗೆ ಎದ್ದಿತು. ಬುಡದ ಸಂದುಗಳಿಂದ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಹೊರಬಂದವು. ನನ್ನ ಅಂಗಾಲಿಗೆ ನೆಲ ಕಂಪಿಸಿದ್ದು ತಿಳಿಯಿತು. ಆಮೇಲೆ ಪಡುವಲಬಂಡೆ ಮೂಡಣದ ಕಡೆಗೆ ಕೂಗಿತು, "ಓ..." ಎಂದು. ಅದು ಯಾರ ದನಿಯೂ ಆಗಿರಲಿಲ್ಲ. ಅಷ್ಟು ವರ್ಷ ನಮ್ಮ ದನಿಗಳಲ್ಲೇ ಮಾತಾಡಿದ ಬಂಡೆಗೆ ತನ್ನದೂ ಒಂದು ದನಿ ಇದೆಯೆಂದು ಅವತ್ತು ನಮಗೆ ಗೊತ್ತಾಯಿತು. ಗಾಳಿ ಅದನ್ನು ಕಣಿವೆಯ ನಡುವೆಯೇ ನುಂಗಿತು. ಉತ್ತರ ಬರಲಿಲ್ಲ. ಬಂಡೆ ಮತ್ತೆ ಕೂಗಿತು. ಸ್ವಲ್ಪ ಹೊತ್ತಿಗೆ ಗುಡ್ಡದ ಬುಡದಿಂದ ಕೆರೆಬಂಡೆಯೂ ಕೂಗಿತು. ಎರಡು ಬಂಡೆಗಳು ಒಬ್ಬ ಹೆಂಗಸಿನ ಮಾತಿಗಾಗಿ ಮೂಡಣಕ್ಕೆ ಮುಖ ಮಾಡಿ ಕರೆಯುತ್ತಿದ್ದವು. ಹೆಂಗಸರು ಕೂಸುಗಳ ಕಿವಿ ಮುಚ್ಚಿದರು. ಗಂಡಸರಲ್ಲಿ ಕೆಲವರು, ಯಾಕೆಂದು ಅವರಿಗೇ ಗೊತ್ತಿಲ್ಲದೆ, ತಲೆಯ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದರು.

"ತವರಿಗೆ ಹೇಳದೆ ಹೋಗಲ್ಲ ಅಂದಿದ್ಲು. ಅದನ್ನ ಹೇಳು. ಉಪ್ಪಿಂದು ಹೇಳು" ಎಂದು ಗಾದ್ರಪ್ಪ ಬಡಿಯುತ್ತಲೇ ಇದ್ದ. ಪ್ರತಿಯೊಂದಕ್ಕೂ ಬಂಡೆ ಮೂಡಣಕ್ಕೆ ಕೂಗಿತು. ಅವನು ಅಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದೂ ಅವನಿಗೆ ಸಿಗಲಿಲ್ಲ.

ಕಾಟಜ್ಜ ಕಲ್ಲಿನ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರಿತ್ತು. ಗಾಳಿಯ ಮಣ್ಣಿಗೂ ಇರಬಹುದು. "ಎಷ್ಟು ತಲೆಮಾರು ಕಂಬಳಿ ಹೊದಿಸಿದ್ವಲ್ಲೋ" ಅಂದ. ಆಮೇಲೆ ಈರಕ್ಕನ ಕಡೆ ತಿರುಗಿ, "ಆದ್ರೆ ಮಗ, ಇನ್ನು ಯಾವ ಬಂಡೆಯೂ ನಿನ್ನ ಹೆಸರು ಹೇಳಲ್ಲ. ಇವೆರಡು ಅದನ್ನ ಕೇಳು ಅಂತಾವೆ, ಅದು ಕಂಬಳಿಯೊಳಗೈತೆ. ನೀನು ಯಾರ ಹೆಂಡ್ತಿನೂ ಅಲ್ಲ, ಸರಿ. ಯಾರ ಮಗಳೂ ಅಲ್ಲ. ಅಪ್ಪ ಕೊಟ್ಟ ಕೆರೆ ಹಿಂದಿನ ಹೊಲವೂ ನಿಂದಲ್ಲ. ಗಾಳಿ ನಿಲ್ಲೋಗಂಟ ನೀನು ಇಲ್ಲ."

"ನನಗೆ ಅವನೂ ಇಲ್ವಲ್ಲ" ಅಂದಳು ಈರಕ್ಕ.

ವಾಪಸ್ಸು ಬಂದಾಗ ಓಬಮ್ಮ ಅಂಗಳದಲ್ಲೇ ನಿಂತಿದ್ದಳು. ಬಂಡೆಗಳ ಕೂಗು ಅವಳಿಗೆ ಕೇಳಿಸಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ಮಗಳಿಗೆ ಒಂದು ಚೊಂಬು ನೀರು ಕೊಟ್ಟಳು. ತಟ್ಟೆ ಇಡಲಿಲ್ಲ. ನನ್ನ ಗಂಡ ತಾಯಿಗೆ ಬೈದು ಮನೆಯಿಂದ ಹೊರಗೆ ಹೋದ. ನಾನೂ ಬೈಯುವವಳಿದ್ದೆ. ಈರಕ್ಕ ನೀರು ಕುಡಿದು ಚೊಂಬು ಬೋರಲು ಹಾಕಿ, ಗೋಡೆಯಾಚೆ ಇಣುಕಿ, "ಅಕ್ಕ, ಬುಡ್ಡಜ್ಜನ ತಟ್ಟೆ ಇಟ್ಟಿದ್ದೀಯಾ?" ಅಂದಳು.

ಅವತ್ತಿನಿಂದ ಅವಳು ಬುಡ್ಡಜ್ಜನ ಊಟ ಉಂಡಳು. ಸತ್ತವನು ಇದ್ದ, ಬದುಕಿದ್ದವಳು ಇರಲಿಲ್ಲ, ತಟ್ಟೆಯೊಂದು ಖಾಲಿಯಾಗುತ್ತಿತ್ತು. ಯಾವ ಬಂಡೆಯೂ ಅದಕ್ಕೆ ತಕರಾರು ಹೇಳುವಂತಿರಲಿಲ್ಲ. ಬುಡ್ಡಜ್ಜನ ಸೊಸೆಗಂತೂ ಹಿಗ್ಗೋ ಹಿಗ್ಗು. "ನಮ್ಮ ಮಾವನಿಗೆ ಈಚೆಗೆ ಹಸಿವು ಚೆನ್ನಾಗೈತೆ" ಎಂದು ಬಾವಿಯ ಹತ್ತಿರ ಹೇಳಿಕೊಂಡು ತಿರುಗಿದಳು. ಓಬಮ್ಮ ಅದನ್ನು ಕೇಳಿಸಿಕೊಂಡಳು. ಅವತ್ತಿನಿಂದ ದಿನಾ ನನ್ನ ಕೈಯಲ್ಲಿ ಆ ಮನೆಗೆ ಒಂದು ಬೊಗಸೆ ರಾಗಿ ಹಿಟ್ಟು ಕಳಿಸಿದಳು.

ಕಂಬಳಿ ಹಾಗೇ ಇತ್ತು. ಈರಕ್ಕನ ದಾರಿ ಹಿಡಿದು ಕೆಲವರು ಆಚೆಗೆ ಹೋಗಿ ತಮ್ಮ ತಮ್ಮ ಮಾತನ್ನು ಮೂಡಲಬಂಡೆಗೆ ವಹಿಸಿ ಬಂದರು. ಇಬ್ಬರ ನಡುವಿನ ಮಾತಿದ್ದವರು ಮಾತ್ರ ಯಾವ ಬಂಡೆಗೆ ವಹಿಸಬೇಕೆಂದು ಜಗಳಾಡುತ್ತಾ ಇದ್ದಲ್ಲೇ ಉಳಿದರು. ಎಲ್ಲರಿಗೂ ಒಗ್ಗುವ ದಾರಿ ಅಲ್ಲಿರಲಿಲ್ಲ. ನನಗೆ ಯಾವ ಊರಿನಲ್ಲೂ ಅಂಥದ್ದು ಕಂಡಿಲ್ಲ.

ಕಾರ್ತಿಕದ ಒಂದು ಮಧ್ಯಾಹ್ನ ನಾನು ಒಲೆ ಹಚ್ಚಿ ಹೊರಗೆ ಬಂದೆ. ನಮ್ಮ ಸೂರಿನಿಂದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಅದು ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಿವಿಯಲ್ಲಿ ಒಂದು ಖಾಲಿತನ ಕೇಳಿಸಿತು. ಓಬಮ್ಮ ಆಗಲೇ ಬಂಡೆಯ ಹತ್ತಿರ ಓಡುತ್ತಿದ್ದಳು, ಆ ವಯಸ್ಸಿನಲ್ಲಿ. ಕಂಬಳಿ ಎಳೆದು ಬಿಸಾಕಿದಳು.

ಮೊದಲು ಪಡುವಲದಿಂದ ಕೂಗು ಬಂತು. ದಾರಿಯಲ್ಲೇ ಸಿಕ್ಕಿಕೊಂಡಿದ್ದ ಕೂಗುಗಳೆಲ್ಲ ಒಂದರ ಹಿಂದೆ ಒಂದು, ದನದ ಹಿಂಡು ಕೊಟ್ಟಿಗೆಗೆ ನುಗ್ಗಿದ ಹಾಗೆ ಬಂದವು. ಕೇರಿಯವರು ನಿಂತಲ್ಲೇ ನಿಂತರು. ಸೀಳುತ್ತದೇನೋ ಎಂದು ಎಲ್ಲರ ಕಣ್ಣೂ ಬಂಡೆಯ ಬೆನ್ನ ಮೇಲಿತ್ತು. ಮೂಡಲಬಂಡೆ ನಡುಗಿತು, ಮೈಮೇಲಿನ ಮಣ್ಣು ಸರಿಯಿತು. ಆಮೇಲೆ ಒಂದು ಸಣ್ಣ ದನಿ ಹೇಳಿತು: "ನಾನು ಈರಕ್ಕ. ಗಾದ್ರಪ್ಪನ ಒಲೆ ಬಿಟ್ಟೆ." ಮಾತಿನ ಬಾಲಕ್ಕೆ ಗಾಳಿಯ ಮೊದಲ ಬೀಸು ಅಂಟಿಕೊಂಡಿತ್ತು. ಬಂಡೆ ಅದನ್ನೂ ಇಟ್ಟುಕೊಂಡಿತ್ತು. ಗಾಳಿಯಿಲ್ಲದ ಆ ಮಧ್ಯಾಹ್ನದಲ್ಲಿ ಅದು ಬೀಸಿ ಹೋಯಿತು, ಒಂದು ಎಲೆಯೂ ಅಲುಗಲಿಲ್ಲ. ಪಡುವಲಬಂಡೆ ಅದನ್ನೇ ಹೇಳಿತು. ಕೆರೆಬಂಡೆ ಅದನ್ನೇ ಹೇಳಿತು. ಯಾವುದೂ ಸೀಳಲಿಲ್ಲ.

ಈರಕ್ಕ ನನ್ನ ಪಕ್ಕದಲ್ಲಿ ಮೊರ ಹಿಡಿದು ನಿಂತಿದ್ದಳು. "ಎಷ್ಟು ಮೆಲ್ಲಗೆ ಹೇಳಿದ್ದೆ ನೋಡು ಅತ್ತಿಗೆ. ಕಿರುಚಿದ್ದೆ ಅಂದ್ಕಂಡಿದ್ದೆ" ಅಂದಳು.

ಆಮೇಲೆ ಸಂಜೆಯ ತನಕ ಬಂಡೆಗಳು ಬಿಡುವಿಲ್ಲದೆ ಮಾತಾಡಿದವು. ಜನ ಸಾಲು ನಿಂತು ಹೇಳಿದರು. ಕೂಸುಗಳಿಗೆ ಹೆಸರು ಬಂದವು. ಬುಡ್ಡಜ್ಜ ಸತ್ತ. ಅವನ ಸೊಸೆ ಅಂಗಳದಲ್ಲಿ ಕೂತು, ಅಷ್ಟು ತಿಂಗಳು ಬೈದವಳು, ಬಾಯಿ ಬಿಟ್ಟು ಅತ್ತಳು. ಆ ತಟ್ಟೆಯನ್ನು ತೊಳೆದು ಬೋರಲು ಹಾಕಿದ್ದನ್ನು ನಾನು ಗೋಡೆಯಾಚೆಯಿಂದ ನೋಡಿದೆ. ತಿರುಗಿದರೆ ನಮ್ಮ ಒಲೆಯ ಮುಂದೆ ಓಬಮ್ಮ ಇನ್ನೊಂದು ತಟ್ಟೆ ಇಟ್ಟಿದ್ದಳು. ಮುದ್ದೆ, ಹುರುಳಿ ಸಾರು.

"ಉಣ್ಣವ್ವ" ಅಂದಳು. "ಈಗ ನೀನು ಇದ್ದೀಯ."

ಈರಕ್ಕ ಕೂತು ಮುದ್ದೆ ಮುರಿದಳು. ಒಂದು ತುತ್ತು ನುಂಗಿ ತಾಯಿಯ ಮುಖ ನೋಡಿದಳು. "ಉಪ್ಪು ಕಮ್ಮಿ ಆಯ್ತು ಕಣವ್ವ."

ಓಬಮ್ಮ ಎದ್ದು ಹೋಗಿ ಉಪ್ಪಿನ ಮಡಕೆಯನ್ನೇ ತಂದು ಅವಳ ಮುಂದಿಟ್ಟಳು.